ನೈಟಿ, ಪೈಜಾಮದಲ್ಲಿ ಮಕ್ಕಳನ್ನು ಶಾಲೆಗೆ ಬಿಡಬಾರದೇ? ಫಾರ್ವರ್ಡ್ ಹೇಳುವುದೇನು, ನಿಯಮ ಹೇಳುವುದೇನು

"ಪೋಷಕರು ಪೈಜಾಮ ಧರಿಸಿ ಮಕ್ಕಳನ್ನು ಶಾಲೆಗೆ ಕರೆತರಬಾರದು" ಎಂಬ ಸಾಲನ್ನು ಅಣ್ಣಿಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಕೂತ ಯಾರಾದರೂ ಅಜ್ಜನಿಗೆ ಓದಿ ಹೇಳಿ ನೋಡಿ. "ಮತ್ತೇನ್ ಚಡ್ಡಿ ಮ್ಯಾಲ ಹೋಗಬೇಕೇನೋ ತಮ್ಮಾ?" ಅಂತ ಕೇಳಿಯಾರು. ಯಾಕಂದರೆ ನಮ್ಮ ಕಡೆ ಪೈಜಾಮ ಎಂದರೆ ನೆಹರೂ ಶರ್ಟಿನ ಜೋಡಿ. ಸಂತೆಗೆ, ಮದುವೆಗೆ, ತಹಶೀಲ್ದಾರ್ ಕಚೇರಿಗೆ ಹಾಕಿಕೊಂಡು ಹೋಗುವ ಮರ್ಯಾದೆಯ ಬಟ್ಟೆ. ಪಾರ್ಸಿ ಭಾಷೆಯಲ್ಲಿ 'ಪಾಯ್' ಎಂದರೆ ಕಾಲು, 'ಜಾಮಾ' ಎಂದರೆ ಉಡುಪು. ಕಾಲಿಗೆ ಹಾಕುವ ಉಡುಪು ಅಷ್ಟೇ. ಇಂಗ್ಲಿಷರು ಇದನ್ನು ಇಲ್ಲಿಂದಲೇ ತಮ್ಮ ದೇಶಕ್ಕೆ ಒಯ್ದು ಮಲಗುವ ಬಟ್ಟೆ ಮಾಡಿಕೊಂಡರು. ಈಗ ಅಲ್ಲಿನ ಸುದ್ದಿ ಅನುವಾದವಾಗಿ ನಮ್ಮ ವಾಟ್ಸಾಪ್‌ಗೆ ಬಂದಾಗ, ನಮ್ಮ ಹೊರಗಿನ ಬಟ್ಟೆಯೇ ಒಳಗಿನ ಬಟ್ಟೆಯಾಗಿಬಿಟ್ಟಿರುತ್ತದೆ.

ನಮ್ಮಲ್ಲಿ ಆ ಪೈಜಾಮದ ಜಾಗದಲ್ಲಿ ನಿಂತಿರುವುದು ನೈಟಿ. ಹಾಗಾಗಿ ಈ ಬಗೆಯ ಸಂದೇಶಗಳು ಕನ್ನಡದ ಗ್ರೂಪುಗಳಲ್ಲಿ ಓಡಾಡುವಾಗ ಗುರಿ ಯಾವಾಗಲೂ ತಾಯಂದಿರೇ. ಅವು ಹೇಳುವ ಮಾತು ಹೆಚ್ಚುಕಡಿಮೆ ಮೂರು. ನೈಟಿಯಲ್ಲಿ ಶಾಲೆಗೆ ಬರುವುದನ್ನು ಸರ್ಕಾರ ನಿಷೇಧಿಸಿದೆ, ಬಂದರೆ ದಂಡ. ಮಲಗುವ ಬಟ್ಟೆಯಲ್ಲಿರುವ ರೋಗಾಣು ಮಕ್ಕಳಿಗೆ ಹರಡುತ್ತದೆ. ತಾಯಿ ಹಾಗೆ ಬಂದರೆ ಮಗುವಿನ ಶಿಸ್ತು, ಓದು ಹಾಳಾಗುತ್ತದೆ. ಒಂದೊಂದನ್ನೇ ನೋಡೋಣ. ಅವಸರದಲ್ಲಿರುವವರಿಗೆ ಉತ್ತರ ಇಷ್ಟು: ಪೋಷಕರ ಬಟ್ಟೆಯ ಬಗ್ಗೆ ಶಿಕ್ಷಣ ಕಾಯ್ದೆಗಳಲ್ಲಿ ನಿಯಮವಿಲ್ಲ, ರೋಗದ ಮಾತಿಗೆ ಆಧಾರವಿಲ್ಲ, ಓದಿನ ಮಾತಿಗೆ ಪುರಾವೆ ಇಲ್ಲ. ಆದರೆ ಶಾಲೆಗೆ ಹೋಗುವಾಗ ಪೋಷಕರ ಬಟ್ಟೆಯಿಂದ ಮಕ್ಕಳಿಗೆ ನಿಜವಾಗಿಯೂ ತೊಂದರೆಯಾಗುವ ಎರಡು ಸಂದರ್ಭಗಳಿವೆ. ಅವುಗಳ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಈ ಮಾತು ಹುಟ್ಟಿದ್ದೆಲ್ಲಿ?

ಈ ಚರ್ಚೆ ಜಗತ್ತಿನ ತುಂಬ ಸುದ್ದಿಯಾಗಿದ್ದು 2016ರ ಜನವರಿಯಲ್ಲಿ. ಇಂಗ್ಲೆಂಡಿನ ಡಾರ್ಲಿಂಗ್ಟನ್ ಊರಿನ ಸ್ಕರ್ನ್ ಪಾರ್ಕ್ ಅಕಾಡೆಮಿ ಎಂಬ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ ಕೇಟ್ ಚಿಜಮ್ ಪೋಷಕರಿಗೆ ಒಂದು ಪತ್ರ ಬರೆದರು. ಮಕ್ಕಳನ್ನು ಬಿಡಲು, ಕರೆದೊಯ್ಯಲು ಪೈಜಾಮದಲ್ಲೇ ಬರುವವರು ಹೆಚ್ಚುತ್ತಿದ್ದಾರೆ, ಸಭೆಗೂ ಹಾಗೇ ಬರುತ್ತಿದ್ದಾರೆ, ದಯವಿಟ್ಟು ಬಟ್ಟೆ ಬದಲಿಸಿಕೊಂಡು ಬನ್ನಿ ಎಂಬುದು ಅದರ ಸಾರ. ಅದು ವಿನಂತಿ, ದಂಡವಿರಲಿಲ್ಲ, ಕಾನೂನೂ ಆಗಿರಲಿಲ್ಲ. ಕೆಲವರು ಶಹಬ್ಬಾಸ್ ಎಂದರು, ಕೆಲವರು ನಮ್ಮ ಬಟ್ಟೆ ನಿಮಗ್ಯಾಕೆ ಎಂದರು.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 2019ರ ಏಪ್ರಿಲ್‌ನಲ್ಲಿ ಆಗಿದ್ದು ಇದಕ್ಕಿಂತ ಗಂಭೀರ. ಅಲ್ಲಿನ ಜೇಮ್ಸ್ ಮ್ಯಾಡಿಸನ್ ಹೈಸ್ಕೂಲು ಪೋಷಕರಿಗೇ ವಸ್ತ್ರಸಂಹಿತೆ ತಂದಿತು. ಪೈಜಾಮ, ತಲೆಗೆ ಕಟ್ಟುವ ಸ್ಯಾಟಿನ್ ಟೋಪಿ, ಲೆಗ್ಗಿಂಗ್ಸ್ ಎಲ್ಲ ನಿಷೇಧ. ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬರನ್ನು ಅವರ ಬಟ್ಟೆಯ ಕಾರಣಕ್ಕೆ ಹೊರಗೇ ನಿಲ್ಲಿಸಲಾಯಿತು. ಆ ಶಾಲೆಯಲ್ಲಿ ಓದುವವರು ಬಹುತೇಕ ಕಪ್ಪು ಮತ್ತು ಲ್ಯಾಟಿನ್ ಮೂಲದ ಕುಟುಂಬದ ಮಕ್ಕಳು. ಬಡ ತಾಯಂದಿರನ್ನೇ ಗುರಿ ಮಾಡಿದಂತಾಯಿತು ಎಂಬ ಟೀಕೆ ಜೋರಾಗಿ ಬಂತು. ಬಟ್ಟೆ ತಾಯಿಯದು, ತಡವಾಗಿದ್ದು ಮಗಳ ದಾಖಲಾತಿ.

ನಮ್ಮ ದೇಶದ ಪ್ರಕರಣಗಳು ಶಾಲೆಯವಲ್ಲ, ಊರಿನವು. 2014ರಲ್ಲಿ ನವಿ ಮುಂಬೈನ ಗೋಠಿವಲಿ ಗ್ರಾಮದ ಮಹಿಳಾ ಮಂಡಳವೇ ಹಗಲು ಹೊತ್ತು ನೈಟಿ ಹಾಕಿ ಓಡಾಡುವುದು ಸರಿಯಲ್ಲವೆಂದು 500 ರೂಪಾಯಿ ದಂಡದ ಬೋರ್ಡು ಹಾಕಿತು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಹಿರಿಯರ ಸಮಿತಿ ಬೆಳಗ್ಗೆ 7ರಿಂದ ಸಂಜೆ 7ರವರೆಗೆ ನೈಟಿ ನಿಷೇಧಿಸಿತು. ತಪ್ಪಿದರೆ 2000 ರೂಪಾಯಿ ದಂಡ, ಹಿಡಿದುಕೊಟ್ಟವರಿಗೆ 1000 ರೂಪಾಯಿ ಬಹುಮಾನ! ಸುದ್ದಿ ಹೊರಬಿದ್ದ ಮೇಲೆ ಕಂದಾಯ ಅಧಿಕಾರಿಗಳು, ಪೊಲೀಸರು ಹೋಗಿ, ಹೀಗೆ ದಂಡ ಹಾಕುವ ಅಧಿಕಾರ ನಿಮಗಿಲ್ಲ ಎಂದು ತಿಳಿಹೇಳಬೇಕಾಯಿತು. 'ಸರ್ಕಾರ ನಿಷೇಧಿಸಿದೆ, 2000 ದಂಡ' ಎಂಬ ಸಂದೇಶ ನಿಮ್ಮ ಫೋನಿಗೆ ಬಂದರೆ ಈ ಊರನ್ನು ನೆನಪಿಸಿಕೊಳ್ಳಿ. ಅಲ್ಲಿ ದಂಡ ಹಾಕಿದ್ದು ಊರಿನ ಪಂಚರು. ಸರ್ಕಾರ ಮಾಡಿದ್ದು ಅದನ್ನು ತಡೆಯುವ ಕೆಲಸ.

ಇನ್ನೊಂದು ಗೊಂದಲವೂ ಇದೆ. 2023ರಲ್ಲಿ ಅಸ್ಸಾಂ, 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಶಿಕ್ಷಕರಿಗೆ ವಸ್ತ್ರಸಂಹಿತೆ ಹೊರಡಿಸಿದವು. ಜೀನ್ಸ್, ಟಿ-ಶರ್ಟ್ ಬೇಡ ಎಂಬಂಥವು. ಅವು ಸಂಬಳ ಪಡೆಯುವ ಶಿಕ್ಷಕರಿಗೆ ಅನ್ವಯಿಸುವ ಆದೇಶ, ಅದೂ ಆಯಾ ರಾಜ್ಯಕ್ಕೆ. 'ಶಿಕ್ಷಕರು' ಎಂಬ ಪದ ಎರಡು ಗ್ರೂಪು ದಾಟುವಷ್ಟರಲ್ಲಿ 'ಪೋಷಕರು' ಆಗುವುದು ಕಷ್ಟವೇನಲ್ಲ.

ಕರ್ನಾಟಕದ ನಿಯಮ ಏನು ಹೇಳುತ್ತದೆ?

ಶಾಲೆಯ ಬಟ್ಟೆಯ ಬಗ್ಗೆ ನಮ್ಮ ರಾಜ್ಯದಲ್ಲಿ ನಿಯಮವಿರುವುದು ಮಕ್ಕಳ ಸಮವಸ್ತ್ರದ ಕುರಿತು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ರೂಪಿಸಿದ ನಿಯಮಗಳ 11ನೇ ನಿಯಮ ಇದನ್ನು ಹೇಳುತ್ತದೆ. ಮಾನ್ಯತೆ ಪಡೆದ ಶಾಲೆ ತನ್ನ ಸಮವಸ್ತ್ರ ಗೊತ್ತುಪಡಿಸಬಹುದು. ಒಮ್ಮೆ ಗೊತ್ತುಪಡಿಸಿದರೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಕನಿಷ್ಠ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. (ಪ್ರತಿ ಜೂನ್‌ನಲ್ಲಿ ಹೊಸ ಬಣ್ಣದ ಯೂನಿಫಾರ್ಮ್ ಕೊಳ್ಳಿಸುವ ಖಾಸಗಿ ಶಾಲೆಯವರಿಗೆ ಈ ನಿಯಮ ತೋರಿಸಿದರೆ ತಪ್ಪಿಲ್ಲ. ಇದನ್ನು ಬೇಕಾದರೆ ಫಾರ್ವರ್ಡ್ ಮಾಡಿ.) ಆ ನಿಯಮದಲ್ಲಿ ಪೋಷಕರು ಏನು ಉಡಬೇಕು ಎಂಬ ಮಾತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಇಲ್ಲ. ಅದರ ಬದಲು ಅಲ್ಲಿ ಇರುವುದು 17ನೇ ಕಲಂ: ಯಾವ ಮಗುವಿಗೂ ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಹಿಂಸೆ ಮಾಡಬಾರದು. "ನಿಮ್ಮವ್ವಗ ನೆಟ್ಟಗ ಬಟ್ಟಿ ಹಾಕ್ಕೊಂಡ ಬರಾಕ ಹೇಳು" ಎಂದು ಹತ್ತಾರು ಮಕ್ಕಳ ಎದುರು ಆರು ವರ್ಷದ ಹುಡುಗಿಗೆ ಹೇಳುವುದು ಶಿಸ್ತು ಕಲಿಸಿದಂತಲ್ಲ. ನನ್ನ ಓದಿನ ಪ್ರಕಾರ ಅದು ಈ ಕಲಮಿನ ಹತ್ತಿರಕ್ಕೆ ಹೋಗುವ ಮಾತು.

21ನೇ ಕಲಂ ಇನ್ನೂ ಮುಖ್ಯ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಮೊದಲೇ, 2001ರಿಂದ, ಎಸ್‌ಡಿಎಂಸಿ ಇದೆ. ಅಂದರೆ ತಾಯಂದಿರು ಶಾಲೆಯೊಳಗೆ ಬರಬೇಕು, ಕೂತು ಮಾತಾಡಬೇಕು, ಬಿಸಿಯೂಟದ ಬೇಳೆ ನೀರಾಗಿದೆಯೋ ಗಟ್ಟಿಯಿದೆಯೋ ನೋಡಬೇಕು, ಶೌಚಾಲಯಕ್ಕೆ ನೀರಿದೆಯೇ ಕೇಳಬೇಕು ಎಂಬುದು ಕಾನೂನಿನ ಅಪೇಕ್ಷೆ. ಕಾನೂನು ಒಳಗೆ ಕರೆದವರನ್ನು ಬಟ್ಟೆ ನೋಡಿ ಗೇಟಿನಲ್ಲಿ ನಿಲ್ಲಿಸಿದರೆ ನಷ್ಟ ಯಾರಿಗೆ?

ಖಾಸಗಿ ಶಾಲೆಯವರು 'ದಯವಿಟ್ಟು ಸಭ್ಯ ಉಡುಪಿನಲ್ಲಿ ಬನ್ನಿ' ಎಂದು ಡೈರಿಯಲ್ಲಿ ಅಚ್ಚು ಹಾಕಿಸಿದರೆ ಅದು ಡಾರ್ಲಿಂಗ್ಟನ್ ಪತ್ರದಂತೆ ವಿನಂತಿ. ಪಾಲಿಸಬಹುದು, ಪಾಲಿಸುವುದು ಒಳ್ಳೆಯ ರೂಢಿಯೂ ಹೌದು. ಆದರೆ ತಾಯಿ ನೈಟಿಯಲ್ಲಿ ಬಂದರೆಂದು ಮಗುವನ್ನು ತರಗತಿಯಿಂದ ಹೊರಗಿಡುವುದು, ದಂಡ ಕಟ್ಟಿಸಿಕೊಳ್ಳುವುದು ಬೇರೆಯೇ ಮಾತು. ಹಾಗೇನಾದರೂ ಆದರೆ ಲಿಖಿತವಾಗಿ ಕೇಳಿ. ಉತ್ತರ ಸಿಗದಿದ್ದರೆ ಸಿಆರ್‌ಪಿ, ಆಮೇಲೆ ನಿಮ್ಮ ತಾಲ್ಲೂಕಿನ ಬಿಇಒ ಕಚೇರಿ, ಧಾರವಾಡದ ಡಿಡಿಪಿಐ ಕಚೇರಿ ಇವೆ. ಮಗುವಿಗೆ ಕಿರುಕುಳವಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಬೆಳಗಿನ ಲೆಕ್ಕ

ಪುಣೆಯಲ್ಲೋ ಬೆಂಗಳೂರಲ್ಲೋ ಕೂತು ಫಾರ್ವರ್ಡ್ ಬರೆಯುವವರಿಗೆ ಹೊಳೆಯದ ಸಂಗತಿ ಒಂದಿದೆ: ನವಲಗುಂದ, ಕುಂದಗೋಳ ಕಡೆಯ ಹಳ್ಳಿಯ ತಾಯಿಗೆ ನೈಟಿ ಮಲಗುವ ಬಟ್ಟೆಯಷ್ಟೇ ಅಲ್ಲ, ಕೆಲಸದ ಬಟ್ಟೆ. ಏಳುತ್ತಲೇ ಕಸ, ನೀರು. ನವಲಗುಂದ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಕುಡಿಯುವ ನೀರೆಂದರೆ ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರು, ಅದನ್ನು ತಂದಿಡಬೇಕು. ರೊಟ್ಟಿ ಬಡಿಯಬೇಕು, ಎಮ್ಮೆ ಹಿಂಡಬೇಕು. ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿಯ ಕೆಲಸವಿದ್ದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ನಡುವೆ ಮಗುವಿಗೆ ಜಳಕ, ಜಡೆ, ಶೂ. ಪಟ್ಟಣದ ಶಾಲೆಗೆ ಹೋಗುವ ಮಕ್ಕಳ ವ್ಯಾನು ಬೆಳಗ್ಗೆ ಬೇಗ ಬರುತ್ತದೆ, ಹಾರ್ನ್ ಹೊಡೆದು ಎರಡು ನಿಮಿಷವೂ ನಿಲ್ಲುವುದಿಲ್ಲ. ಶನಿವಾರ ಸರ್ಕಾರಿ ಶಾಲೆಯೂ ಬೆಳಗಿನ ಹೊತ್ತಿಗೇ. ಅಂಥ ಹೊತ್ತಲ್ಲಿ ನೈಟಿಯ ಮೇಲೆ ಒಂದು ಟವೆಲ್ಲೋ ವೇಲೋ ಹೊದ್ದು ಓಡುವ ತಾಯಿ ಅಶಿಸ್ತಿನವಳಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವಳೇ ಅವಳು.

ಇನ್ನು ನೈಟಿ ಮರ್ಯಾದೆಯ ಬಟ್ಟೆ ಹೌದೋ ಅಲ್ಲವೋ ಎಂಬುದು ವಿಜ್ಞಾನ ತೀರ್ಮಾನಿಸುವ ಪ್ರಶ್ನೆಯಲ್ಲ. ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚುವ ಬಟ್ಟೆ ಅದು. ಬಹಳಷ್ಟು ಸೀರೆಗಳಿಗಿಂತ ಹೆಚ್ಚೇ ಮುಚ್ಚುತ್ತದೆ. ಹಿರಿಯರಿಗೆ ಕಸಿವಿಸಿ ಆಗುವುದು ಮೈ ಕಾಣುತ್ತದೆಂದಲ್ಲ, 'ಮನೆಯ ಬಟ್ಟೆ ಬೀದಿಗೆ ಬಂತು' ಎಂದು. ಆ ಗೆರೆ ಕಾಲಕಾಲಕ್ಕೆ ಸರಿಯುತ್ತಲೇ ಇರುತ್ತದೆ. ಚೂಡಿದಾರ ಹಳ್ಳಿಗೆ ಬಂದಾಗಲೂ ಇದೇ ಮಾತು ಕೇಳಿಬಂದಿತ್ತು, ಇವತ್ತು ಅದು ಶಿಕ್ಷಕಿಯರೂ ತೊಡುವ ಬಟ್ಟೆ. ಮತ್ತು ಗಮನಿಸಿ: ಬರ್ಮುಡಾ, ಬನಿಯನ್ನಿನಲ್ಲಿ ಬೈಕ್ ಮೇಲೆ ಮಗನನ್ನು ಬಿಟ್ಟು ಹೋಗುವ ಅಪ್ಪನ ಫೋಟೋ ಯಾವ ಗ್ರೂಪಿನಲ್ಲೂ ಬರುವುದಿಲ್ಲ.

ಬಟ್ಟೆ ನೋಡಿ ಬಾಗಿಲು ಹಾಕುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿಟಿ ಮಾಲ್‌ನಲ್ಲಿ ಪಂಚೆ ಉಟ್ಟಿದ್ದರೆಂದು ತಡೆದದ್ದು ಹಾವೇರಿ ಜಿಲ್ಲೆಯ ಹಿರಿಯ ರೈತರನ್ನು. 1997ರವರೆಗೆ ಹಾವೇರಿ ನಮ್ಮದೇ ಧಾರವಾಡ ಜಿಲ್ಲೆ. ರಾಜ್ಯವೇ ಸಿಟ್ಟಾಯಿತು, ಮಾಲ್ ಅನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ತಡೆದ ಭದ್ರತಾ ಮೇಲ್ವಿಚಾರಕನನ್ನು ಮೆಟ್ರೋ ನಿಗಮ ಕೆಲಸದಿಂದ ತೆಗೆಯಿತು. ಆ ಎರಡು ವಿಡಿಯೋಗಳನ್ನು ಕೋಪದಿಂದ ಹಂಚಿದ ಗ್ರೂಪುಗಳಲ್ಲೇ ನೈಟಿಯ ತಾಯಿಯನ್ನು ನಗೆಪಾಟಲು ಮಾಡುವ ಸಂದೇಶವೂ ಓಡುತ್ತದೆ. ಎರಡಕ್ಕೂ ವ್ಯತ್ಯಾಸ ಏನೆಂದು ನನಗಂತೂ ಕಾಣುತ್ತಿಲ್ಲ.

ರೋಗಾಣು ಬರುತ್ತದೆಯೇ?

ರಾತ್ರಿ ಮಲಗಿದ ಬಟ್ಟೆಯಲ್ಲಿ ಬೆವರು, ಚರ್ಮದ ಹೊಟ್ಟು, ಒಂದಿಷ್ಟು ಬ್ಯಾಕ್ಟೀರಿಯಾ ಇರುವುದು ನಿಜ. ಹಗಲು ಹಾಕಿದ ಬಟ್ಟೆಯಲ್ಲೂ ಇರುತ್ತವೆ. ಅದರಲ್ಲಿ ಬಹುಪಾಲು ನಮ್ಮ ಚರ್ಮದ ಮೇಲೆ ಸದಾ ಇರುವ ನಿರಪಾಯದ ಜೀವಿಗಳು. ಪ್ರಶ್ನೆ ಇರುವುದು, ಗೇಟಿನ ಹತ್ತಿರ ಎರಡು ನಿಮಿಷ ನಿಂತ ತಾಯಿಯ ನೈಟಿಯಿಂದ ಬೇರೆ ಮಕ್ಕಳಿಗೆ ರೋಗ ದಾಟುತ್ತದೆಯೇ ಎಂಬುದು.

ಶಾಲೆಯಲ್ಲಿ ಹರಡುವ ರೋಗಗಳು ದಾಟುವ ದಾರಿ ಬೇರೆ. ನೆಗಡಿ, ಜ್ವರ ಹರಡುವುದು ಕೆಮ್ಮು-ಸೀನಿನ ಹನಿಯಿಂದ ಮತ್ತು ಕೈಯಿಂದ. ಫ್ಲೂ ವೈರಸ್ ಸ್ಟೀಲು, ಪ್ಲಾಸ್ಟಿಕ್‌ನಂಥ ಗಟ್ಟಿ ಮೇಲ್ಮೈ ಮೇಲೆ 24ರಿಂದ 48 ಗಂಟೆ ಉಳಿದರೆ, ಬಟ್ಟೆಯ ಮೇಲೆ ಉಳಿಯುವುದು 8ರಿಂದ 12 ಗಂಟೆಯೊಳಗೆ. ಅಂದರೆ ನೈಟಿಗಿಂತ ತರಗತಿಯ ಬೆಂಚು, ನಲ್ಲಿಯ ತಿರುಪು ಹೆಚ್ಚು ಅನುಮಾನಕ್ಕೆ ಅರ್ಹ. ಹೇನು ತಲೆಗೆ ತಲೆ ತಾಗಿದಾಗ ಹತ್ತುತ್ತದೆ. ತುರಿಕಜ್ಜಿಯ ಹುಳು ಸಾಮಾನ್ಯವಾಗಿ ಹೆಚ್ಚು ಹೊತ್ತು ಮೈಗೆ ಮೈ ತಾಗಿದಾಗ, ಒಂದೇ ಹಾಸಿಗೆಯಲ್ಲಿ ಮಲಗಿದಾಗ ಹರಡುತ್ತದೆ. ಮನೆಯಲ್ಲಿ ಯಾರಿಗಾದರೂ ಕಜ್ಜಿ ಇದ್ದರೆ ಹಾಸಿಗೆ, ಹೊದಿಕೆ, ಹಾಕಿದ ಬಟ್ಟೆ ಬಿಸಿ ನೀರಲ್ಲಿ ಒಗೆಯಬೇಕು. ಆಗ ನೈಟಿಯೂ ಅದರಲ್ಲಿ ಸೇರುತ್ತದೆ, ಶಾಲೆಗೂ ಅದಕ್ಕೂ ಸಂಬಂಧವಿಲ್ಲ.

ಶಾಲೆಯ ಮಕ್ಕಳ ಹೊಟ್ಟೆ ಕಾಯಬೇಕೆಂದರೆ ಸಾಬೂನು ನೋಡಿ. ಸಾಬೂನಿನಿಂದ ಕೈ ತೊಳೆಯುವ ರೂಢಿ ಮಾಡಿಸಿದರೆ ಮಕ್ಕಳ ಭೇದಿ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಹಾಕಿದ ಕೊಕ್ರೇನ್ ವಿಮರ್ಶೆ ಹೇಳುತ್ತದೆ. ಬಿಸಿಯೂಟಕ್ಕೆ ಮೊದಲು ಕೈ ತೊಳೆಯಲು ಸಾಬೂನು ಇಟ್ಟಿದ್ದಾರೆಯೇ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ನೈಟಿಯಲ್ಲೇ ಹೋಗಿ ಕೇಳಿದರೂ ಸರಿ.

ಮಗುವಿನ ಓದು, ಶಿಸ್ತು ಕೆಡುತ್ತದೆಯೇ?

ಈ ವಾದದವರು ಹೆಚ್ಚಾಗಿ 'ವಿಜ್ಞಾನಿಗಳೇ ಹೇಳಿದ್ದಾರೆ' ಎನ್ನುತ್ತಾರೆ. ಬಟ್ಟೆಗೂ ಮನಸ್ಸಿಗೂ ಸಂಬಂಧ ಹುಡುಕಿದ ಪ್ರಸಿದ್ಧ ಅಧ್ಯಯನ ಒಂದಿದೆ. 2012ರಲ್ಲಿ ಅಮೆರಿಕದ ಹಾಯೋ ಆ್ಯಡಮ್ ಮತ್ತು ಆ್ಯಡಮ್ ಗಲಿನ್‌ಸ್ಕಿ ಎಂಬ ಸಂಶೋಧಕರು, ಬಿಳಿ ಲ್ಯಾಬ್ ಕೋಟು ತೊಟ್ಟವರು ಗಮನದ ಪರೀಕ್ಷೆಯೊಂದರಲ್ಲಿ ಸುಮಾರು ಅರ್ಧದಷ್ಟೇ ತಪ್ಪು ಮಾಡಿದರೆಂದು ಪ್ರಕಟಿಸಿದರು. ಭಾರಿ ಸುದ್ದಿಯಾಯಿತು. 2019ರಲ್ಲಿ ಬೇರೊಂದು ತಂಡ ಅದೇ ಪರೀಕ್ಷೆಯನ್ನು ಹೆಚ್ಚು ಜನರ ಮೇಲೆ ಮತ್ತೆ ಮಾಡಿದಾಗ ಆ ಪರಿಣಾಮ ಸಿಗಲಿಲ್ಲ. ಮೊದಲಿನದು ವೈರಲ್, ಎರಡನೆಯದು ಯಾರಿಗೂ ಗೊತ್ತಿಲ್ಲ. ಅಷ್ಟಕ್ಕೂ ಅದು ಬಟ್ಟೆ ತೊಟ್ಟವರ ಬಗ್ಗೆ. ತೊಟ್ಟವರ ಮಕ್ಕಳ ಬಗ್ಗೆ ಅಲ್ಲ.

ಪೈಜಾಮದ ಬಗ್ಗೆಯೇ ಒಂದು ಅಧ್ಯಯನವಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಸಿಡ್ನಿಯ ವೈದ್ಯಕೀಯ ಸಂಶೋಧನಾ ಸಂಸ್ಥೆಗಳ 163 ಜನರನ್ನು ಕೇಳಿದಾಗ, ಹಗಲೂ ಪೈಜಾಮದಲ್ಲೇ ಕೆಲಸ ಮಾಡಿದವರಲ್ಲಿ 59% ಜನ ತಮ್ಮ ಮನಸ್ಸಿನ ಆರೋಗ್ಯ ಕುಗ್ಗಿದೆ ಎಂದರು. ಪೈಜಾಮ ಹಾಕದವರಲ್ಲಿ ಹಾಗೆಂದವರು 26%. ಕೆಲಸದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಇದನ್ನು 'ಪೈಜಾಮದಿಂದ ಖಿನ್ನತೆ' ಎಂದು ಓದುವುದು ತಪ್ಪು. ಮನಸ್ಸು ಕುಗ್ಗಿದವರಿಗೆ ಬಟ್ಟೆ ಬದಲಿಸಲು ಆಗದೇ ಇರುವುದೂ ಅಷ್ಟೇ ಸಾಧ್ಯ. ಯಾವುದರಿಂದ ಯಾವುದು ಎಂದು ಇಂಥ ಸಮೀಕ್ಷೆ ಹೇಳಲಾರದು.

ಇದರಲ್ಲಿ ನಮಗೆ ಉಪಯೋಗವಾಗುವ ಸಂಗತಿ ಒಂದಿದೆ. ಯಾವಾಗಲೂ ಓರಣವಾಗಿರುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ವಾರಗಟ್ಟಲೆ ಅದೇ ಬಟ್ಟೆಯಲ್ಲಿ, ತಲೆ ಬಾಚದೆ, ಯಾರ ಜೊತೆಗೂ ಮಾತಿಲ್ಲದೆ ಬಂದು ಹೋಗುತ್ತಿದ್ದರೆ, ಅದು ಫೋಟೋ ತೆಗೆಯುವ ಹೊತ್ತಲ್ಲ. ಇತ್ತೀಚೆಗೆ ಹೆರಿಗೆಯಾಗಿರಬಹುದು, ಮನೆಯಲ್ಲಿ ಹೊಡೆತ-ಬಡಿತ ಇರಬಹುದು, ಸಾಲದ ಚಿಂತೆ ಇರಬಹುದು. "ಅಕ್ಕಾ, ಆರಾಮ ಅದೀರಿಲ್ಲೋ? ಒಂದ್ ಸ್ವಲ್ಪ ಕುಂದರ್ರಿ" ಎಂದು ಅಕ್ಕೋರೋ, ಆಶಾ ಕಾರ್ಯಕರ್ತೆಯೋ, ಓಣಿಯ ಗೆಳತಿಯೋ ಕೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಸಂಖ್ಯೆ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಓದಿಗೆ ಪೋಷಕರ ಪಾಲು ಎಷ್ಟು ಎಂಬುದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. 2001ರಲ್ಲಿ ಫ್ಯಾನ್ ಮತ್ತು ಚೆನ್ ಎಂಬವರು ಹಲವು ಅಧ್ಯಯನಗಳನ್ನು ಕಲೆಹಾಕಿ ನೋಡಿದಾಗ, ಮಗುವಿನ ಕಲಿಕೆಯ ಜೊತೆ ಎಲ್ಲಕ್ಕಿಂತ ಗಟ್ಟಿ ನಂಟು ಕಂಡಿದ್ದು ಪೋಷಕರ ನಿರೀಕ್ಷೆಯ ಜೊತೆ: 'ನನ್ನ ಮಗಳು ಓದುತ್ತಾಳೆ, ಓದಬೇಕು' ಎಂಬ ಭರವಸೆ. ಎಲ್ಲಕ್ಕಿಂತ ಸಡಿಲ ನಂಟು ಮನೆಯಲ್ಲಿ ಕಾವಲು ಕೂರುವುದರ ಜೊತೆ. ಬೆಳಗ್ಗೆ ಐದಕ್ಕೆ ಎದ್ದು ಮಗಳನ್ನು ವ್ಯಾನು ಹತ್ತಿಸಲು ಓಡಿ ಬಂದ ತಾಯಿಯಲ್ಲಿ ಆ ನಿರೀಕ್ಷೆ ಇಲ್ಲ ಎಂದು ಹೇಗೆ ಹೇಳುತ್ತೀರಿ?

ಮಕ್ಕಳಿಗೆ ಮುಜುಗರ ಆಗುತ್ತದೆ ಎಂಬುದನ್ನು ಮಾತ್ರ ತಳ್ಳಿಹಾಕಬಾರದು. ನಾಲ್ಕು-ಐದನೇ ತರಗತಿ ದಾಟಿದ ಮಕ್ಕಳು ಗೆಳೆಯರ ಕಣ್ಣಿನಲ್ಲಿ ತಮ್ಮ ಮನೆಯನ್ನು ನೋಡಲು ಶುರುಮಾಡುತ್ತಾರೆ. "ಯವ್ವಾ, ನೀ ಸಾಲಿಗೆ ಸೀರಿ ಉಟ್ಕೊಂಡ ಬಾ" ಎಂದು ಮಗು ಕೇಳಿದರೆ ಬೈಯಬೇಡಿ. ಆಗುವ ದಿನ ಉಟ್ಟು ಹೋಗಿ, ಆಗದ ದಿನ ಯಾಕೆ ಆಗಲಿಲ್ಲವೆಂದು ಹೇಳಿ. ಸಭೆ, ಆಗಸ್ಟ್ 15, ಶಾಲಾ ವಾರ್ಷಿಕೋತ್ಸವಕ್ಕೆ ನಾವೆಲ್ಲ ಹೇಗೂ ಒಳ್ಳೆಯ ಬಟ್ಟೆ ಹಾಕಿಯೇ ಹೋಗುತ್ತೇವೆ. ಗೇಟಿಗೆ ಬಿಟ್ಟು ಬರುವುದಕ್ಕೂ ಅದಕ್ಕೂ ವ್ಯತ್ಯಾಸ ಇದ್ದರೆ ಲೋಕ ಮುಳುಗುವುದಿಲ್ಲ.

ನಿಜವಾಗಿ ಹೆದರಬೇಕಾದ ಬಟ್ಟೆ

ಒಂದನೆಯದು, ಎಣ್ಣಿ ಹೊಡೆದ ಅಂಗಿ. ಗಾಳಿ ಕಡಿಮೆ ಇರುತ್ತದೆಂದು ಹೊಲಕ್ಕೆ ಬೆಳಗ್ಗೆಯೇ ಔಷಧ ಸಿಂಪಡಿಸುವುದು ಉಂಟು. ಕುಂದಗೋಳದ ಮೆಣಸಿನಕಾಯಿ, ಹತ್ತಿ, ನವಲಗುಂದದ ಹೆಸರು ಬೆಳೆಯುವವರಿಗೆ ಇದು ಗೊತ್ತು. ಪಂಪು ಇಳಿಸಿ, ಅದೇ ಅಂಗಿಯಲ್ಲಿ ಮನೆಗೆ ಬಂದು, ಮಗುವನ್ನು ಬೈಕಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುವ ಅಪ್ಪಂದಿರಿದ್ದಾರೆ. ಕೀಟನಾಶಕಗಳಲ್ಲಿ ಹಲವು ಚರ್ಮದ ಮೂಲಕವೇ ಮೈ ಸೇರುತ್ತವೆ. ಒದ್ದೆ ಅಂಗಿಗೆ ಒರಗಿ ಕೂತ ಮಗುವಿನ ಕೆನ್ನೆ, ಕೈಗೆ ಅದು ಅಂಟುತ್ತದೆ. ಆ ಕೈ ಬಾಯಿಗೆ ಹೋಗುತ್ತದೆ. ಮಗುವಿನ ಮೈ ಚಿಕ್ಕದು, ದೊಡ್ಡವರಿಗೆ ಏನೂ ಅನಿಸದ ಪ್ರಮಾಣವೂ ಅದಕ್ಕೆ ಹೆಚ್ಚಾಗುತ್ತದೆ. ಸಿಂಪಡಿಸಿ ಬಂದವರು ಮಗುವನ್ನು ಮುಟ್ಟುವ ಮೊದಲು ಸಾಬೂನು ಹಚ್ಚಿ ಜಳಕ ಮಾಡಿ, ಬಟ್ಟೆ ಬದಲಿಸಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕದೆ ಬೇರೆಯಾಗಿ ಒಗೆಯಿರಿ. ಒಗೆಯುವುದು ಹೆಚ್ಚಾಗಿ ಮನೆಯ ಹೆಂಗಸರೇ, ಅವರ ಕೈಗೂ ಇದೇ ಅಪಾಯ. ಗ್ಲೌಸ್ ಇದ್ದರೆ ಒಳ್ಳೆಯದು. ಜಳಕಕ್ಕೆ ಹೊತ್ತಿಲ್ಲದಿದ್ದರೆ ಅವತ್ತು ಮಗುವನ್ನು ನೈಟಿಯಲ್ಲಿರುವ ತಾಯಿಯೇ ಬಿಡಲಿ.

ಎರಡನೆಯದು, ಬೈಕಿನ ಚಕ್ರಕ್ಕೆ ಸಿಗುವ ಬಟ್ಟೆ. ಸೀರೆಯ ಸೆರಗು, ವೇಲು, ಅಗಲ ನೈಟಿಯ ಅಂಚು ಹಿಂದಿನ ಚಕ್ರಕ್ಕೋ ಚೈನಿಗೋ ಸುತ್ತಿಕೊಂಡು ಹಿಂದೆ ಕೂತವರನ್ನು ಎಳೆದು ಬೀಳಿಸಿದ ಅಪಘಾತಗಳು ಎಲ್ಲ ಊರಲ್ಲೂ ಕೇಳಿದ್ದೇವೆ. ಮಡಿಲಲ್ಲಿ ಮಗು ಇದ್ದರೆ ಬೀಳುವವರು ಇಬ್ಬರು. ಅದಕ್ಕೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ, ಹಿಂಬದಿ ಸವಾರರ ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕು ಎನ್ನುತ್ತದೆ. ಅದೇ 'ಸೀರೆ ಗಾರ್ಡ್'. ಅಂದ ಕೆಡುತ್ತದೆಂದು ಹೊಸ ಬೈಕಿನಿಂದ ಅದನ್ನು ಬಿಚ್ಚಿಸುವ ಹುಡುಗರು ನಮ್ಮಲ್ಲಿ ಬಹಳ. ವಾಪಸ್ ಹಾಕಿಸಿ. ಹತ್ತುವ ಮೊದಲು ಸೆರಗು, ವೇಲು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ನೈಟಿಯ ಅಂಚು ಮೇಲೆತ್ತಿ ಹಿಡಿಯಿರಿ. ಈ ಲೆಕ್ಕದಲ್ಲಿ ನೋಡಿದರೆ ಅಜ್ಜನ ಪೈಜಾಮವೇ ಎಲ್ಲಕ್ಕಿಂತ ಸುರಕ್ಷಿತ.

ಬೈಕಿನ ಮಾತು ಬಂದ ಮೇಲೆ ಹೆಲ್ಮೆಟ್ ಬಿಡುವಂತಿಲ್ಲ. ಮಗುವಿಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್, ಟೈ, ಪಾಲಿಶ್ ಹಾಕಿದ ಶೂ ಎಲ್ಲ ಇರುತ್ತದೆ. ತಲೆಗೆ ಏನೂ ಇರುವುದಿಲ್ಲ. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಎಂದು ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೇಳುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ 2022ರ ಫೆಬ್ರವರಿ 15ರಂದು ಹೊರಡಿಸಿದ ನಿಯಮ 2023ರಿಂದ ಜಾರಿಯಲ್ಲಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಅಳತೆಯ ಹೆಲ್ಮೆಟ್, ಸವಾರರಿಗೆ ಕಟ್ಟುವ ಬೆಲ್ಟು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಹೆಲ್ಮೆಟ್ಟಿನಿಂದ ಬೈಕ್ ಸವಾರರ ಸಾವಿನ ಅಪಾಯ ಸುಮಾರು 42%, ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69% ಕಡಿಮೆಯಾಗುತ್ತದೆಂದು ಕೊಕ್ರೇನ್ ವಿಮರ್ಶೆ ಲೆಕ್ಕ ಹಾಕಿದೆ. ಶಾಲೆಯವರು ಗೇಟಿನಲ್ಲಿ ನಿಂತು ಏನನ್ನಾದರೂ ನೋಡಲೇಬೇಕೆಂದಿದ್ದರೆ ಇದನ್ನು ನೋಡಬಹುದು. ಒಂದೇ ಬೈಕಿನಲ್ಲಿ ಮೂರು ಮಕ್ಕಳು, ಮುಂದೆ ಟ್ಯಾಂಕಿನ ಮೇಲೊಬ್ಬ, ಹ್ಯಾಂಡಲಿಗೆ ಮೂರು ಬ್ಯಾಗು: ನವಲಗುಂದ-ಅಣ್ಣಿಗೇರಿ ರಸ್ತೆಯಲ್ಲಿ ಬೆಳಗ್ಗೆ ಒಂದು ತಾಸು ನಿಂತರೆ ಕಾಣುವ ದೃಶ್ಯ ಅದು.

ಸಂದೇಶ ನಿಮಗೆ ಬಂದರೆ

'ಶಿಕ್ಷಣ ಇಲಾಖೆಯ ಆದೇಶ' ಎಂದಿದ್ದರೆ ಆದೇಶ ಸಂಖ್ಯೆ, ದಿನಾಂಕ, ಸಹಿ ಮಾಡಿದವರ ಹುದ್ದೆ ಹುಡುಕಿ. ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಆದೇಶಗಳಿಗೆ ಸಂಖ್ಯೆ ಇರುತ್ತದೆ. ಯಾವ ರಾಜ್ಯದ್ದು, ಯಾವ ವರ್ಷದ್ದು ಎಂದೇ ಇಲ್ಲದಿದ್ದರೆ ಆದೇಶವೆಂದು ನಂಬಬೇಡಿ. ಅನುಮಾನವಿದ್ದರೆ ನಿಮ್ಮ ಶಾಲೆಯ ಹೆಡ್ ಮಾಸ್ತರರಿಗೆ ಒಂದು ಫೋನ್ ಮಾಡಿ. ಆದೇಶ ಬಂದಿದ್ದರೆ ಮೊದಲು ಗೊತ್ತಾಗುವುದು ಅವರಿಗೆ.

ಜೊತೆಗೆ ಫೋಟೋ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆ ಫೋಟೋದಲ್ಲಿರುವ ಹೆಣ್ಣುಮಗಳು ಯಾರದೋ ಅವ್ವ, ಪಕ್ಕದಲ್ಲಿ ಯೂನಿಫಾರ್ಮಿನಲ್ಲಿರುವ ಮಗುವಿನ ಮುಖ, ಶಾಲೆಯ ಬ್ಯಾಡ್ಜು ಎಲ್ಲ ಕಾಣುತ್ತಿರುತ್ತದೆ. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ, ಖಾಸಗಿತನಕ್ಕೆ ಕೈ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮಿನಲ್ಲಿ ಅಪರಾಧ. ಪ್ರತಿ ಫೋಟೋಗೂ ಅದು ಅನ್ವಯಿಸುತ್ತದೆಂದಲ್ಲ, ಸಂದರ್ಭ ನೋಡಿ ತೀರ್ಮಾನವಾಗುತ್ತದೆ. ಆದರೆ ಹಳ್ಳಿಯ ಗ್ರೂಪಿನಲ್ಲಿ ಬಂದ ಫೋಟೋ ಸಂಜೆಯೊಳಗೆ ಆ ತಾಯಿಯ ಮನೆ ಬಾಗಿಲಿಗೆ ಬರುತ್ತದೆ. ಮರುದಿನದಿಂದ ಅವಳು ಶಾಲೆಯ ಕಡೆ ಬರುವುದನ್ನೇ ಬಿಟ್ಟರೆ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಖುರ್ಚಿ ಖಾಲಿ. ನೀವು ಅಡ್ಮಿನ್ ಆಗಿದ್ದರೆ ಅಂಥ ಫೋಟೋ 'ಡಿಲೀಟ್ ಫಾರ್ ಎವ್ರಿಒನ್' ಮಾಡುವ ಆಯ್ಕೆ ನಿಮ್ಮ ಫೋನಿನಲ್ಲೂ ಇದೆ. ಮೆಸೇಜನ್ನು ಒತ್ತಿ ಹಿಡಿದರೆ ಸಿಗುತ್ತದೆ.